ಗೆರೆ ಮನುಷ್ಯನ ದಣಿದ ನಡಿಗೆ

ನಲವತ್ತಾರು ತುಂಬಿದ ಮರುದಿನ ನಾನು ಸೃಷ್ಟಿಕಾರ್ಯಕ್ಕೆ ಕೈಹಾಕಲು ನಿರ್ಧರಿಸಿದೆ. ತಪ್ಪು ತಿಳಿಯಬೇಡಿ. ಕಂಪ್ಯೂಟರಿನಲ್ಲಿ ಚಿತ್ರಗಳನ್ನು ನಡೆಸುವ, ಕುಣಿಸುವ ಅನಿಮೇಷನ್ ವಿದ್ಯೆಯ ಮಾತು ಹೇಳುತ್ತಿದ್ದೇನೆ. ಸತ್ತಂತೆ ಬಿದ್ದಿರುವ ಗೆರೆಗೆ ಜೀವ ಬರಿಸುವುದೆಂದರೆ ಸಾಮಾನ್ಯವೇ? ಬ್ರಹ್ಮನಿಗೆ ನಾಲ್ಕು ಮುಖ, ನನಗೆ ಒಂದು. ಈ ವಿದ್ಯೆ ಕೈಹತ್ತಿದರೆ ನಮ್ಮಿಬ್ಬರ ನಡುವೆ ಬೇರೆ ಯಾವ ವ್ಯತ್ಯಾಸವೂ ಉಳಿಯುವುದಿಲ್ಲ ಎಂದು ಹೆಂಡತಿ ಶಿವಕಾಂತಾಳಿಗೆ ಹೇಳಿದೆ.

ಅವಳು ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಬ್ರಹ್ಮಗ ಆಫೀಸ್ ಇರಲಿಲ್ರಿ," ಎಂದಳು. "ನೀವು ಸಂಜಿಕಿ ಬಂದು ಒಂದು ಬೂಟು ಬಿಚ್ಚಿ, ಇನ್ನೊಂದು ಬಿಚ್ಚೂದ್ರಾಗ ನಿದ್ದಿ ಹೋಗಿರ್ತೀರಿ. ಮದ್ಲ ನಿಮಗ ಜೀವಾ ಬರಿಸ್ಕೋರಿ. ಗೆರಿ ಆಮ್ಯಾಲ ನೋಡೂಣು."

ಮಾತು ಸುಳ್ಳಲ್ಲ. ನಾನು ಆಳಂದದ ಒಂದು ಕಚೇರಿಯಲ್ಲಿ ಗುಮಾಸ್ತ. ಬೆಳಿಗ್ಗೆ ಬಂದ ಜನರಿಗೆ ಸರ್ವರ್ ಇಲ್ಲ ಎಂದು ಹೇಳುವುದು, ಮಧ್ಯಾಹ್ನ ಸರ್ವರ್ ಬರುವ ಹೊತ್ತಿಗೆ ಜನ ಎದ್ದು ಹೋಗಿರುವುದನ್ನು ನೋಡುವುದು, ಇದು ನನ್ನ ಉದ್ಯೋಗ. ಇದರಿಂದ ಯಾರಿಗೆ ಏನು ಲಾಭವೋ ನಾನರಿಯೆ. ದಣಿವು ಮಾತ್ರ ಅಪ್ಪಟವಾದದ್ದು. ಅದರಲ್ಲಿ ಕಲಬೆರಕೆ ಇಲ್ಲ.

ಆದರೂ ಕಲಿಯಲು ಶುರು ಮಾಡಿದೆ. ನನ್ನ ಜೊತೆ ಇನ್ನಿಬ್ಬರು ಇದ್ದರು. ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಪಾಠವೊಂದು ನಡೆದಾಗ ಸೇರಿಕೊಂಡವರಲ್ಲಿ ನಮ್ಮ ಕಡೆಯವರೆಂದರೆ ನಾವು ಮೂವರೇ. ಪಾಠ ಮುಗಿದರೂ ಚಟ ಬಿಡಲಿಲ್ಲ. 'ಭೀಮಾತೀರ ಅನಿಮೇಷನ್ ಬಳಗ' ಎಂದು ವಾಟ್ಸಪ್ಪಿನಲ್ಲಿ ಗುಂಪು ಕಟ್ಟಿಕೊಂಡೆವು. ಹೆಸರು ಕೇಳಿದರೆ ಸಭಾಭವನ ಬೇಕೆನ್ನಿಸಬೇಕು. ಕುಳಿತರೆ ಒಂದು ಬೆಂಚು ಸಾಕು. ಜೇವರ್ಗಿಯ ಅನುರಾಧಾ ಅವರು ಹೈಸ್ಕೂಲಿನಲ್ಲಿ ಚಿತ್ರಕಲೆ ಟೀಚರ್. ನಮಗೆ ವಾರಕ್ಕೊಂದು ಅಭ್ಯಾಸ ಕೊಡುವವರು ಅವರೇ. ಸಿಕಂದರ ಅಫಜಲಪುರದ ಬಾಜಾರದಲ್ಲಿ ಫೋಟೋ ಸ್ಟುಡಿಯೋ ಇಟ್ಟವನು. ಮದುವೆ ವಿಡಿಯೋದಲ್ಲಿ ಗಂಡು ಹೆಣ್ಣಿನ ನಡುವೆ ಗುಲಾಬಿ ಹೂ ಹಾರಿಸಿ ಹಾರಿಸಿ ಬೇಸತ್ತು, ಬೇರೆ ಏನಾದರೂ ಹಾರಿಸಬೇಕೆಂಬ ಆಸೆಯಿಂದ ಬಂದವನು.

ಮೊದಲ ಅಭ್ಯಾಸ ಪುಟಿಯುವ ಚೆಂಡು. ಒಂದು ಚೆಂಡು ಬೀಳಬೇಕು, ಏಳಬೇಕು, ಮತ್ತೆ ಬೀಳಬೇಕು. ಇಷ್ಟೇ. ಇದಕ್ಕಾಗಿ ನಾನು ಎರಡು ಭಾನುವಾರ ಧಾರೆ ಎರೆದೆ. ಶಿವಕಾಂತಾಳನ್ನು ಕರೆದು ತೋರಿಸಿದೆ.

"ಇದು ಚೆಂಡೇನ್ರಿ? ಎಮ್ಮಿ ಹೆಂಡಿ ಹಾಕಿದಂಗ ಬಿತ್ತಲ್ಲ."

"ಏಳ್ತದ, ತಡಿ."

ಅದು ಏಳಲಿಲ್ಲ. ನನ್ನ ಹಾಗೆಯೇ ಬಿದ್ದಲ್ಲಿಯೇ ವಿಶ್ರಾಂತಿ ಪಡೆಯಿತು. ಆಮೇಲೆ ಹಿಟ್ಟಿನ ಚೀಲಕ್ಕೆ ದುಃಖ ಬರಿಸುವ ಅಭ್ಯಾಸ ಬಂತು. ಕಣ್ಣಿಲ್ಲ, ಬಾಯಿಲ್ಲ, ಬರೀ ಚೀಲ. ಅದರ ಬಾಗು ನೋಡಿಯೇ ಅದಕ್ಕೆ ದುಃಖವಾಗಿದೆ ಎಂದು ತಿಳಿಯಬೇಕು. "ಚೀಲಕ್ಕ ಎಲ್ಲೀದ್ರಿ ದುಃಖ?" ಎಂದಳು ಶಿವಕಾಂತಾ. "ಅದನ್ನ ಗಿರಣಿಗಿ ಹೊತಗೊಂಡು ಹೋಗಾಕಿಗಿ ಇರ್ತದ." ಅಂದಿನಿಂದ ಗಿರಣಿಗೆ ಹೋಗುವ ಕೆಲಸ ನನ್ನ ತಲೆಗೆ ಬಂತು. ಕಲೆಗಾಗಿ ಮನುಷ್ಯ ಏನೆಲ್ಲ ಹೊರಬೇಕಾಗುತ್ತದೆ ನೋಡಿ.

ಅನಾಹುತಕ್ಕೆ ನಾಂದಿ ಹಾಡಿದ್ದು ಅದರ ಮುಂದಿನ ಅಭ್ಯಾಸ. ದಣಿದ ಮನುಷ್ಯನ ನಡಿಗೆ. ದುಂಡನೆ ತಲೆ, ಗೆರೆಯ ಮೈ, ಗೆರೆಯ ಕೈಕಾಲು. ಮುಖವಿಲ್ಲ, ಬಟ್ಟೆಯಿಲ್ಲ. ಬರೀ ನಡಿಗೆಯಿಂದ ಅವನ ದಣಿವು ಕಾಣಬೇಕು. ಅನುರಾಧಾ ಟೀಚರ್ ಧ್ವನಿ ಸಂದೇಶ ಕಳಿಸಿದರು. "ಮನಸಿನ್ಯಾಗಿಂದ ಬರೀಬ್ಯಾಡ್ರಿ ಸರ್. ಯಾರರೆ ಖರೇ ದಣದವ್ರನ್ನ ನೋಡಿ ಬರೀರಿ. ನೋಡಿದ್ದಕ್ಕ ಒಂದೂವರಿಪಟ್ಟು ಹೆಚ್ಚಿಗಿ ಮಾಡ್ರಿ. ಇದ್ದದ್ದು ಇದ್ದಂಗ ಬರದ್ರ ಸಪ್ಪಗ ಕಾಣ್ತದ."

ಖರೇ ದಣಿದವರನ್ನು ಎಲ್ಲಿ ಹುಡುಕುವುದು? ಶಿವಕಾಂತಾಳ ಕೈಗೆ ಫೋನು ಕೊಟ್ಟು, ನಾನೇ ಅಂಗಳದಲ್ಲಿ ದಣಿದವನಂತೆ ನಡೆದೆ. ವಿಡಿಯೋ ನೋಡಿದ ಟೀಚರ್, "ಸರ್, ಇದು ದಣದವ್ರ ನಡಿಗಿ ಅಲ್ರಿ. ಹಾರ ಹಾಕಿಸ್ಕೊಳ್ಳಾಕ ವೇದಿಕಿ ಹತ್ತವ್ರ ನಡಿಗಿ," ಎಂದರು. ಕ್ಯಾಮೆರಾ ಕಂಡರೆ ನನ್ನ ಎದೆ ತಾನಾಗಿ ಮುಂದೆ ಬರುತ್ತದೆ. ಏನು ಮಾಡಲಿ, ಹುಟ್ಟುಗುಣ.

ಮೂರನೇ ದಿನ ಶಿವಕಾಂತಾ ತಾನಾಗಿ ಫೋನು ತಂದು ಮುಂದಿಟ್ಟಳು. "ತಗೋರಿ. ಖರೇ ದಣದವ ಸಿಕ್ಕಾನ."

ಮಾಳಿಗೆಯ ಮೇಲೆ ನಿಂತು ಹಿಡಿದ ವಿಡಿಯೋ. ನಮ್ಮ ಓಣಿಯಲ್ಲಿ ಒಬ್ಬ ಮನುಷ್ಯ ಆಚೆ ಮುಖಮಾಡಿ ಹೊರಟಿದ್ದ. ಎಡ ಹೆಗಲು ಜೋತುಬಿದ್ದಿತ್ತು. ತಲೆ ಮೈಗಿಂತ ಮೊದಲೇ ಓಣಿ ದಾಟುವ ಅವಸರದಲ್ಲಿತ್ತು. ಬಲಗಾಲು ನೆಲ ಬಿಟ್ಟು ಏಳಲು ಒಪ್ಪದೆ ಎಳೆದುಕೊಂಡು ಬರುತ್ತಿತ್ತು. ಎರಡೂ ಕೈಯಲ್ಲಿ ಸಾಮಾನು ಇದ್ದುದರಿಂದ ನಾಲ್ಕು ಹೆಜ್ಜೆಗೊಮ್ಮೆ ನಿಂತು, ಜಾರುವ ಪ್ಯಾಂಟನ್ನು ಮೊಣಕೈಯಿಂದ ಮೇಲೆ ತಳ್ಳಿಕೊಳ್ಳುತ್ತಿದ್ದ.

"ಅಯ್ಯೋ ಪಾಪ, ಯಾರು ಇವ?" ಎಂದೆ.

ಅಷ್ಟರಲ್ಲಿ ಆ ಮನುಷ್ಯನ ಕೈಯಲ್ಲಿದ್ದ ಹಿಟ್ಟಿನ ಡಬ್ಬಿ ನನ್ನ ಕಣ್ಣಿಗೆ ಬಿತ್ತು. ಅದು ನಮ್ಮ ಮನೆಯ ಡಬ್ಬಿ.

ನಿಜ ಹೇಳುತ್ತೇನೆ, ಮನಸ್ಸಿಗೆ ಬಹಳ ಕೆಡುಕೆನಿಸಿತು. ಇಷ್ಟು ವರ್ಷ ನಾನು ಓಣಿಯಲ್ಲಿ ಹೋಗುವಾಗ ಜನ ಗಂಭೀರ ವ್ಯಕ್ತಿ ಹೊರಟಿದ್ದಾರೆ ಎಂದು ದಾರಿ ಬಿಡುತ್ತಾರೆಂದೇ ತಿಳಿದಿದ್ದೆ. ಬೀಳಬಹುದೆಂಬ ಭಯದಿಂದ ಬಿಡುತ್ತಿದ್ದರು ಎಂದು ಈಗ ಗೊತ್ತಾಯಿತು.

ಆದರೆ ಕಲಾವಿದ ಸೋಲಬಾರದು. ವಿಡಿಯೋ ನೋಡುತ್ತ ಒಂದೊಂದೇ ಚಿತ್ರ ಬಿಡಿಸಿದೆ. ಟೀಚರ್ ಹೇಳಿದಂತೆ ಎಲ್ಲವನ್ನೂ ಒಂದೂವರೆಪಟ್ಟು ಹೆಚ್ಚಿಸಿದೆ. ಹೆಗಲನ್ನು ಇನ್ನಷ್ಟು ಇಳಿಸಿದೆ, ತಲೆಯನ್ನು ಇನ್ನಷ್ಟು ಬಗ್ಗಿಸಿದೆ, ಕಾಲನ್ನು ಇನ್ನಷ್ಟು ಎಳೆಸಿದೆ. ಮುಗಿದ ಮೇಲೆ ಶಿವಕಾಂತಾಳ ಫೋನಿನಿಂದಲೂ ನನ್ನ ಕಂಪ್ಯೂಟರಿನಿಂದಲೂ ಆ ವಿಡಿಯೋವನ್ನು ಅಳಿಸಿ ಹಾಕಿಸಿದೆ. ಇನ್ನು ಸಾಕ್ಷಿ ಇಲ್ಲ. ಪರದೆಯ ಮೇಲೆ ಗೆರೆ ಮನುಷ್ಯ ನಡೆಯುತ್ತಿದ್ದ. ಪ್ಯಾಂಟೇ ಇಲ್ಲದ ಮನುಷ್ಯ ನಾಲ್ಕು ಹೆಜ್ಜೆಗೊಮ್ಮೆ ಪ್ಯಾಂಟು ಏರಿಸಿಕೊಳ್ಳುತ್ತ ಕೊನೆಯಿಲ್ಲದೆ ನಡೆಯುತ್ತಲೇ ಇದ್ದ.

ಗುಂಪಿಗೆ ಕಳಿಸಿದೆ. ಅನುರಾಧಾ ಟೀಚರ್ ಕೂಡಲೇ ಫೋನು ಮಾಡಿದರು. "ಸರ್, ಯಾರ್ರಿ ಇವ್ರು? ನೋಡಿದ್ರ ಕರಳು ಚುರ್ ಅಂತದ. ಒಂದು ಕುರ್ಚಿ ಹಾಕಿ ಕುಂದರಸಬೇಕು ಅನಸ್ತದ."

ನಾನು ಇಲ್ಲಿ ಒಂದು ಸುಳ್ಳು ಹೇಳಿದೆ. ಅದು ನಾನೇ ಎಂದು ಯಾವ ಬಾಯಿಂದ ಹೇಳಲಿ? "ಯಾರೋ ಏನೋ ಮೇಡಂ. ಅಫಜಲಪುರ ಬಸ್ಸಿಗಿ ಹೊಂಟಿದ್ರು. ಆ ಕಡಿಯವ್ರ ಯಾರೋ ಇರಬೇಕು. ಒಂದ ಸಲ ನೋಡಿದೆ, ತಲ್ಯಾಗ ಉಳೀತು," ಎಂದೆ. ಒಂದೇ ನೋಟಕ್ಕೆ ಮನುಷ್ಯನನ್ನು ಹಿಡಿಯುವ ಕಣ್ಣು ಎಂದು ಟೀಚರ್ ಗುಂಪಿನಲ್ಲಿ ಹೊಗಳಿ ಬರೆದರು. ಆ ದಿನ ಆಳಂದದಲ್ಲಿ ನನಗಿಂತ ಎತ್ತರದ ಮನುಷ್ಯ ಬೇರೆ ಇರಲಿಲ್ಲ.

ಇಲ್ಲಿ ಶಿವಕಾಂತಾಳ ತಮ್ಮ ಸಂಜುಕುಮಾರನ ವಿಷಯ ಹೇಳಬೇಕು. ಅವನದು ಆಳಂದದಲ್ಲಿ ಮೋಟರ್ ರಿಪೇರಿ ಅಂಗಡಿ. ಒಳ್ಳೆಯ ಹುಡುಗ, ಆದರೆ ಹೆಣ್ಣು ಸಿಕ್ಕಿರಲಿಲ್ಲ. ನಮ್ಮ ಕಡೆ ಈಗ ಗಂಡಿಗೆ ಹೆಣ್ಣು ಸಿಗುವುದು ತೊಗರಿಗೆ ಒಳ್ಳೆಯ ರೇಟು ಸಿಗುವುದಕ್ಕಿಂತ ಕಷ್ಟ. ಎಷ್ಟೋ ಮನೆಯ ಅವಲಕ್ಕಿ ತಿಂದು ಬಂದ ಮೇಲೆ ಅಫಜಲಪುರದಲ್ಲಿ ರೈತರ ಕಾಳುಕಡಿ ಮಾರಿಸಿಕೊಡುವ ಅಡತಿ ಅಂಗಡಿ ನಡೆಸುವ ದೇವೀಂದ್ರಪ್ಪ ಸಾವಕಾರರ ಮಗಳು ಅಮೃತ ಒಪ್ಪಿದ್ದಳು. ಮುಂದಿನ ವಾರ ನಿಶ್ಚಿತಾರ್ಥ. ಹಿರಿಯಳಾಗಿ ನಿಂತು ಎಲ್ಲ ಮಾತು ಮುಗಿಸಿದವಳು ಶಿವಕಾಂತಾ. ಕಚೇರಿಗೆ ರಜೆ ಸಿಗದೆ ನಾನು ಬೀಗರ ಮನೆಗೆ ಒಮ್ಮೆಯೂ ಹೋಗಿರಲಿಲ್ಲ. ಅವರ ಮುಖ ಫೋಟೋದಲ್ಲಿ ನೋಡಿದ್ದೆ. ಫೋಟೋದಲ್ಲಿ ಯಾರೂ ನಡೆಯುವುದಿಲ್ಲವಲ್ಲ.

ಎರಡು ದಿನ ಬಿಟ್ಟು ಸಿಕಂದರನ ಫೋನು ಬಂತು. ಖುಷಿಯಿಂದ ಉಬ್ಬಿಹೋಗಿದ್ದ.

"ಸರ್, ಇಡೀ ಬಾಜಾರದಾಗ ನಿಮ್ಮದೇ ಮಾತು ನಡದದ. ನಿಮ್ಮ ಗೆರಿ ಮನಿಷ್ಯಾನ್ನ ನಮ್ಮ ಸ್ಟುಡಿಯೋ ಮುಂದಿನ ಟಿವ್ಯಾಗ ಹಚ್ಚೇನಿ. ಕೆಳಗ ನಿಮ್ಮ ಹೆಸರು, ಊರು ಎಲ್ಲಾ ಹಾಕೇನಿ. ಮಂದಿ ನಿಂತು ನಿಂತು ನೋಡಾಕತ್ತಾರ. ಏನ್ ಕಣ್ಣು ಸರ್ ನಿಮ್ಮದು. ಮಾರಿ ಇಲ್ಲ, ಮೂಗಿಲ್ಲ, ಆದ್ರೂ ಸಣ್ಣ ಹುಡುಗ್ರೂ ಗುರ್ತಾ ಹಿಡೀತಾವ."

"ಯಾರ ಗುರ್ತಾ ಹಿಡೀತಾವ ಮಾರಾಯಾ?"

"ಅದೇ ಸರ್, ನೀವು ಬಸ್ಸಿನ ಹತ್ರ ನೋಡಿದವ್ರು. ದೇವೀಂದ್ರಪ್ಪ ಸಾವ್ಕಾರ್ರು. ಆ ಹೆಗಲು, ಕಾಲು ಎಳಿಯೂದು, ಮೊಣಕೈಲೆ ಧೋತರ ಏರಸೂದು, ಬರೋಬ್ಬರಿ ಅವ್ರೇ. ಅವ್ರ ಅಂಗಡಿ ನಮ್ಮ ಎದುರಿಗೇ ಅದ."

ಕುಡಿಯುತ್ತಿದ್ದ ಚಹಾ ಕೆಳಗಿಟ್ಟೆ. "ಸಿಕಂದರ, ಅದನ್ನ ಈಗಿಂದೀಗ ತೆಗಿ," ಎಂದೆ.

"ತೆಗೀತೇನ್ರಿ. ಆದ್ರ ಸರ್, ಎಲ್ಲಾರೂ ಫೋನಿನ್ಯಾಗ ತುಂಬ್ಕೊಂಡು ಹೋಗ್ಯಾರ."

ಸಂಜೆ ಶಿವಕಾಂತಾಳ ಫೋನಿಗೆ ದೇವೀಂದ್ರಪ್ಪನವರ ಕರೆ ಬಂತು. ಅವಳು ಸ್ಪೀಕರ್ ಹಾಕಿ ನನ್ನ ಮುಂದೆ ಹಿಡಿದಳು. ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

"ನಿಮ್ಮ ಮನಿಯವ್ರು ಇಷ್ಟು ದೊಡ್ಡ ಕಲಾವಿದ್ರು ಅಂತ ಮದ್ಲೇ ಹೇಳಿದ್ರ, ನಾ ನಿಂತು ಚಿತ್ರಾ ತಗಿಸ್ಕೋತಿದ್ದೆ ಯವ್ವಾ. ಕಳ್ಳತನಾ ಮಾಡೂದು ಯಾಕ ಬೇಕಿತ್ತು? ನಿಶ್ಚಯ ಸದ್ಯಕ್ಕ ಬ್ಯಾಡ. ಬಾಜಾರದಾಗ ನಾ ಅಂಗಡಿಯಿಂದ ಇಳದ್ರ ಹಮಾಲ್ರು ನನ್ನ ಕಾಲು ನೋಡಾಕತ್ತಾರ."

ಫೋನು ಕೆಳಗಿಟ್ಟು ಶಿವಕಾಂತಾ ನನ್ನನ್ನು ನೋಡಿದಳು. "ಅದು ನಾನೇ ಅಂತ ಟೀಚರಿಗಿ ಹೇಳಾಕ ಏನಾಗಿತ್ತು ನಿಮಗ?"

"ಇಜ್ಜತ್ ಪ್ರಶ್ನಾ ಇತ್ತು."

"ಹೌದ್ರಿ. ನಿಮ್ಮ ಇಜ್ಜತ್ ಮುಚ್ಚಾಕ ಬೀಗರ ಧೋತರ ಬಿಚ್ಚಿದ್ರಿ."

ಸಂಜುಕುಮಾರ ಬಂದ. ಬೈಯುತ್ತಾನೆಂದು ಕಾದೆ. ಅವನು ಬೈಯಲಿಲ್ಲ. ಬಾಗಿಲ ಬಳಿ ಕುಳಿತು, ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ತಿರುಗಿಸುತ್ತ, "ಮಾಮಾ, ಅಮೃತ ನನ್ನ ಮನಸಿಗಿ ಬಂದಾಳ್ರಿ. ಅಕಿಗೂ ನಾ ಬಂದೇನಿ. ಇದು ಮುರದ್ರ ನಾ ಮತ್ತೊಂದು ನೋಡಾಂಗಿಲ್ಲ," ಎಂದ. ಹುಡುಗನ ದನಿ ಸಣ್ಣದಾಗಿತ್ತು. ಒಂದು ಗೆರೆಯ ಬೊಂಬೆ ಇಷ್ಟು ದೂರ ನಡೆದುಹೋಗಿ ಒಬ್ಬ ಒಳ್ಳೆಯ ಹುಡುಗನ ಬಾಳಿನ ಮೇಲೆ ಕಾಲಿಡುತ್ತದೆಂದು ಯಾರು ತಿಳಿದಿದ್ದರು?

ಭಾನುವಾರ ಬೆಳಿಗ್ಗೆ ನಾನು, ಶಿವಕಾಂತಾ, ಸಂಜುಕುಮಾರ ಮೂವರೂ ಅಫಜಲಪುರದ ಬಸ್ಸು ಹತ್ತಿದೆವು. ಹೋಗಿ ಬೀಗರ ಎದುರು ನಿಂತು, ಅದು ನನ್ನದೇ ನಡಿಗೆ ಎಂದು ಒಪ್ಪಿಕೊಂಡು ಬರುವುದು ಎಂದು ತೀರ್ಮಾನವಾಗಿತ್ತು. ಶಿವಕಾಂತಾ ದೊಡ್ಡ ಕೈಚೀಲದಲ್ಲಿ ಸಕ್ಕರೆ, ತೆಂಗಿನಕಾಯಿ, ಬಾಳೆಹಣ್ಣು ತುಂಬಿದ್ದಳು. ಸೀಟು ಸಿಗದೆ ನಾನು ನಿಂತೇ ಇದ್ದೆ. ಸಿಕ್ಕರೂ ಕೂರುವ ಮುಖ ಇರಲಿಲ್ಲ.

ದೇವೀಂದ್ರಪ್ಪನವರು ಪಡಸಾಲೆಯಲ್ಲಿ ಕುಳಿತಿದ್ದರು. ಅವರ ಹೆಂಡತಿ ಗೌರಾಬಾಯಿ ನೀರು ತಂದು ಕೊಟ್ಟರು. ಚಹಾ ಬರಲಿಲ್ಲ. ನಮ್ಮ ಕಡೆ ಇದರ ಅರ್ಥ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ನಾವು ತಂದ ಕೈಚೀಲವನ್ನೂ ಯಾರೂ ಒಳಗೆ ಒಯ್ಯಲಿಲ್ಲ.

ನಾನು ಎದ್ದು ನಿಂತೆ. "ಬೀಗರ, ಮಾಫ್ ಮಾಡ್ರಿ. ಅದು ನೀವಲ್ರಿ. ಅದು ನಾನು. ಇಕಿ ಹಿಡದ ವಿಡಿಯೋ ನೋಡಿ ನನ್ನ ನಡಿಗಿ ನಾನೇ ಬರಕೊಂಡೇನಿ. ನಾಚಿಕಿ ಬಂದು ಯಾರೋ ಅಫಜಲಪುರದವ್ರು ಅಂತ ಸುಳ್ಳು ಹೇಳಿದೆ."

ದೇವೀಂದ್ರಪ್ಪನವರು ನನ್ನನ್ನು ಮೇಲಿಂದ ಕೆಳಗಿನ ತನಕ ನೋಡಿದರು. "ಸುಳ್ಳ ಮುಚ್ಚಾಕ ಇನ್ನೊಂದು ಸುಳ್ಳ ಹೇಳಬ್ಯಾಡ್ರಿ. ವಿಡಿಯೋ ಹಿಡದಿದ್ರಿ ಅಂತೀರಿ. ಅದನ್ನರೆ ತೋರಸ್ರಿ."

"ಅಳಿಸಿಬಿಟ್ಟೇನ್ರಿ."

"ಹ್ಞಾಂ. ಅಳಸೀರಿ." ಅವರು ಹೆಂಡತಿಯ ಕಡೆ ತಿರುಗಿದರು. "ಕೇಳಿದೇನು? ಅಳಸ್ಯಾರಂತ."

"ಹಂಗಾರ ನಡದು ತೋರಿಸ್ಲಿ," ಎಂದರು ಗೌರಾಬಾಯಿ. "ನಡಿಗಿ ಏನು ಮನ್ಯಾಗ ಬಿಟ್ಟು ಬಂದಿರಾಂಗಿಲ್ಲ."

ಎಂಥ ನ್ಯಾಯವಾದ ಮಾತು! ಹೆಣ್ಣು ನೋಡಲು ಹೋದಲ್ಲಿ ಹುಡುಗಿಯನ್ನು ನಾಲ್ಕು ಹೆಜ್ಜೆ ನಡೆಸಿ ನೋಡುವ ಪದ್ಧತಿ ನಮ್ಮ ಹಿರಿಯರದು. ಗಂಡಿನ ಭಾವನನ್ನು ಅಂಗಳದಲ್ಲಿ ನಡೆಸಿ ನೋಡಿದ್ದು ಮೂರು ತಾಲೂಕಿನಲ್ಲಿ ಇದೇ ಮೊದಲಿರಬೇಕು. ನಾನು ಅಂಗಳಕ್ಕಿಳಿದೆ. ಪಡಸಾಲೆಯಲ್ಲಿ ಎಲ್ಲರೂ ಸಾಲಾಗಿ ಕುಳಿತರು. ಬಾಗಿಲ ಸಂದಿಯಲ್ಲಿ ಅಮೃತಳ ಕಣ್ಣು ಕಾಣಿಸಿತು.

ನಡೆದೆ. ಅಯ್ಯೋ ದೇವರೇ, ಇಷ್ಟು ಜನ ನೋಡುವಾಗ ಎದೆ ಮುಂದೆ ಬಂದುಬಿಟ್ಟಿತು. ಕಾಲು ಎಳೆಯಬೇಕೆಂದು ನೆನೆದರೆ ಎಡಗಾಲು ಎಳೆಯಿತು, ಎಳೆಯಬೇಕಾದದ್ದು ಬಲಗಾಲು. ಹೆಗಲು ಇಳಿಸಿದರೆ ತಲೆ ಏರಿತು. ಮೊಣಕೈಯಿಂದ ಪ್ಯಾಂಟು ತಳ್ಳಲು ಹೋದಾಗ ಅದು ಕೋಳಿ ರೆಕ್ಕೆ ಬಡಿದ ಹಾಗಾಯಿತು.

"ಇದು ಎಲ್ಲಿ ಚಿತ್ರದಂಗ ಅದ?" ಎಂದರು ದೇವೀಂದ್ರಪ್ಪ. "ಕವಾಯತು ಮಾಡಿದಂಗ ಅದ."

"ಇನ್ನೊಮ್ಮಿ ನಡೀರಿ," ಎಂದಳು ಶಿವಕಾಂತಾ. ಅವಳ ಮುಖ ಬಾಡಿತ್ತು. "ಆಫೀಸಿಂದ ಬಂದಂಗ ನಡೀರಿ. ನಾ ಇಲ್ಲೇ ಇಲ್ಲ ಅಂತ ತಿಳಕೊಂಡು ನಡೀರಿ."

ಮತ್ತೆ ನಡೆದೆ. ಮತ್ತೆ ಕೆಟ್ಟಿತು. ಮನುಷ್ಯ ತನ್ನ ನಡಿಗೆಯನ್ನೇ ನಕಲು ಮಾಡಲಾಗದೆ ಸೋಲುವುದಕ್ಕಿಂತ ದೊಡ್ಡ ಸೋಲು ಯಾವುದಿದೆ? ದೇವೀಂದ್ರಪ್ಪನವರು ಎದ್ದು ನಿಂತು ಕೈ ಮುಗಿದರು. "ಸಾಕ್ರಿ. ನಮ್ಮ ಮನಿಗಿ ಬಂದು ನಮ್ಮನ್ನೇ ಅಣಕಸಬ್ಯಾಡ್ರಿ. ಸಂಬಂಧ ಇಲ್ಲಿಗೇ ಬಿಡೂಣು. ಹೋಗಿ ಬರ್ರಿ."

ಸಂಜುಕುಮಾರ ಚಪ್ಪಲಿ ಹಾಕಿಕೊಂಡ. ಶಿವಕಾಂತಾ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಒಂದು ಕೈಗೆ ಸಕ್ಕರೆ, ಕಾಯಿ, ಹಣ್ಣಿನ ಕೈಚೀಲವನ್ನೂ, ಇನ್ನೊಂದು ಕೈಗೆ ನೀರಿನ ಬಾಟ್ಲಿಯ ಚೀಲವನ್ನೂ ಕೊಟ್ಟಳು. "ನಡೀರಿ," ಎಂದಳು. ಅಷ್ಟೇ. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ನಾನು ಬಾಗಿಲ ಕಡೆ ಹೊರಟೆ. ತಲೆಯಲ್ಲಿ ಏನೂ ಇರಲಿಲ್ಲ. ಮಧ್ಯಾಹ್ನದ ಬಿಸಿಲು, ಹಿಂತಿರುಗುವ ಬಸ್ಸಿನಲ್ಲೂ ಸೀಟಿಲ್ಲ, ನಾಳೆ ಸೋಮವಾರ, ಈ ಹುಡುಗನ ಮುಖ ದಿನವೂ ನೋಡಬೇಕು. ಇಷ್ಟೇ ಇತ್ತು. ಅಂಗಳ ದಾಟುವುದು ದೊಡ್ಡ ಪ್ರಯಾಣವೆನಿಸಿತು.

"ರೀ," ಎಂದು ಹಿಂದಿನಿಂದ ಗೌರಾಬಾಯಿಯ ದನಿ ಕೇಳಿಸಿತು. "ರೀ, ನೋಡ್ರಿ. ಅಲ್ಲಿ ನೋಡ್ರಿ."

ನಾನು ತಿರುಗಿದೆ. ಎಲ್ಲರೂ ನನ್ನ ಕಾಲು ನೋಡುತ್ತಿದ್ದರು. ನನ್ನ ಮೊಣಕೈ ಪ್ಯಾಂಟಿನ ಪಟ್ಟಿಯ ಮೇಲಿತ್ತು.

"ನಿಲ್ಲಬ್ಯಾಡ್ರಿ, ಹಂಗೇ ನಡೀರಿ," ಎಂದರು ದೇವೀಂದ್ರಪ್ಪ. ನಡೆದೆ. ಈಗ ಎದೆ ಮುಂದೆ ಬರಲಿಲ್ಲ. ಬರುವಷ್ಟು ಶಕ್ತಿ ಎದೆಯಲ್ಲಿ ಉಳಿದಿರಲಿಲ್ಲ. ಹೊರಬಾಗಿಲ ತನಕ ಹೋಗಿ, ಅವರು ಕರೆದದ್ದಕ್ಕೆ ತಿರುಗಿ ಬಂದೆ. ಬಲಗಾಲು ಅಂಗಳದ ಮಣ್ಣಿನಲ್ಲಿ ಉದ್ದಕ್ಕೂ ಗೆರೆ ಎಳೆದಿತ್ತು.

ದೇವೀಂದ್ರಪ್ಪನವರು ಫೋನು ತೆಗೆದು ಗೆರೆ ಮನುಷ್ಯನನ್ನು ನೋಡಿದರು, ನನ್ನನ್ನು ನೋಡಿದರು. ಮತ್ತೆ ಫೋನು ನೋಡಿದರು. ಅವರ ಮುಖದ ಸಿಟ್ಟು ಇಳಿಯಿತು. ಅಲ್ಲಿ ಬಂದು ಕುಳಿತದ್ದು ಕನಿಕರ.

"ಒಂದೂವರಿಪಟ್ಟು ಹೆಚ್ಚಿಗಿ ಮಾಡೇನ್ರಿ ಚಿತ್ರದಾಗ," ಎಂದು ನಾನು ತೊದಲಿದೆ. "ಅಭ್ಯಾಸದ ನಿಯಮ ಹಂಗ ಅದ."

"ಹೆಚ್ಚಿಗಿ ಎಲ್ಲಿ ಮಾಡೀರಿ ಬೀಗರ?" ದೇವೀಂದ್ರಪ್ಪನವರು ನನ್ನ ಕೈಯಿಂದ ಚೀಲ ಇಸಿದುಕೊಂಡು ಗೌರಾಬಾಯಿಯ ಕೈಗೆ ಕೊಟ್ಟರು. "ಸಕ್ಕರಿ ಒಳಗ ಒಯ್ಯಿ. ಚಹಾ ಇಡು." ಆಮೇಲೆ ನನ್ನ ತೋಳು ಹಿಡಿದು, ಬಿದ್ದೇನೆಂಬ ಎಚ್ಚರದಿಂದ ಕುರ್ಚಿಯಲ್ಲಿ ಕೂರಿಸಿದರು. ಸಂಜುಕುಮಾರ ಹಾಕಿಕೊಂಡಿದ್ದ ಚಪ್ಪಲಿ ಬಿಚ್ಚಿದ. ಬಾಗಿಲ ಸಂದಿಯ ಕಣ್ಣು ನಗುತ್ತಿತ್ತು.

ದೇವೀಂದ್ರಪ್ಪನವರು ಅಲ್ಲಿಯೇ ಸಿಕಂದರನಿಗೆ ಫೋನು ಹಚ್ಚಿದರು.

"ಏ ಸಿಕಂದರ, ಆ ಚಿತ್ರಾ ತಿರಗಿ ಟಿವ್ಯಾಗ ಹಚ್ಚಪಾ. ಇರಲಿ ಬಿಡು, ನಂದೇ ಅಂತ ಮಂದಿ ತಿಳಕೊಳ್ಳಲಿ. ಖರೇ ಮನಿಷ್ಯಾನ್ನ ಈಗ ಕಣ್ಣಾರೆ ನೋಡಿದೆ. ಚಿತ್ರದಾಗಿನಾವ ಭಾಳ ಚುರುಕ ಅದಾನ."